ಟಗರಪ್ಪನ ಹಣೆಗೆ ವಿಭೂತಿ

ಹಿರಿಯೂರಿನ ಎಣ್ಣೆ ಮಿಲ್ಲಿಗೆ ನಾನು ಟಗರಪ್ಪನನ್ನು ತಂದಾಗ ಅವನು ಒಂದು ಟ್ರಂಕಿನೊಳಗೆ ಹತ್ತಿ ಹೊದ್ದು ಮಲಗಿದ್ದ. ಎತ್ತರ ಒಂದೂವರೆ ಗೇಣು. ಟಗರಿನ ತಲೆ, ಸುರುಳಿ ಕೊಂಬು, ಕರಡಿಯ ಮೈ, ಉಡದ ಬಾಲ. ಒಳಗೆ ಹಿತ್ತಾಳೆಯ ಗುಂಡು ಕೀಲುಗಳ ಎಲುಬುಗೂಡು, ಅದರ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ರಬ್ಬರಿನ ಚರ್ಮ. ಚಿತ್ರಕಥೆಯಲ್ಲಿ ಅವನಿಗೆ ಗಿರಿರಕ್ಕಸ ಎಂಬ ಭಾರಿ ಹೆಸರಿತ್ತು. ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಮಿಲ್ಲಿನ ಹಮಾಲರು ಟಗರಪ್ಪ ಎಂದರು. ಆಮೇಲೆ ನಾನೂ ಹಾಗೆಯೇ ಕರೆದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮಾಂತ್ರಿಕ, ರಾಜಕುಮಾರ, ಏಳು ಬೆಟ್ಟ, ಬೆಟ್ಟಕ್ಕೊಂದು ವಿಚಿತ್ರ ಪ್ರಾಣಿ ಇರುವ ಕಪ್ಪು ಬಿಳುಪು ಕನ್ನಡ ಸಿನಿಮಾ ಅದು. ಏಳು ಬೆಟ್ಟಗಳು ಖರ್ಚಿಗೆ ಹೆದರಿ ಒಂದಾದವು, ಏಳು ಪ್ರಾಣಿಗಳೂ ಒಂದಾದವು, ಉಳಿದವನು ಟಗರಪ್ಪ. ನಾಯಕ ಕತ್ತಿ ಹಿಡಿದು ಹೋರಾಡುವ ದೃಶ್ಯಗಳನ್ನು ಚಿತ್ರದುರ್ಗದ ಕೋಟೆಯ ಬಂಡೆಗಳ ಮೇಲೆ ಆಗಲೇ ತೆಗೆದಾಗಿತ್ತು. ಪಾಪ, ಆತ ಬರೀ ಗಾಳಿಯ ಜೊತೆ ಹೋರಾಡಿದ್ದ. ಆ ಗಾಳಿಯ ಜಾಗದಲ್ಲಿ ಟಗರಪ್ಪನನ್ನು ನಿಲ್ಲಿಸಿ ನಡೆಸುವುದು ನನ್ನ ಕೆಲಸ. ನಿರ್ಮಾಪಕರದೇ ಎಣ್ಣೆ ಮಿಲ್ಲು ಇದ್ದುದರಿಂದ ಸ್ಟುಡಿಯೊ ಬಾಡಿಗೆ ಉಳಿಸಲು ಶೇಂಗಾ ಗೋದಾಮೊಂದನ್ನು ನನಗೆ ಬಿಟ್ಟುಕೊಟ್ಟರು. ನಾನು ಮದ್ರಾಸಿನ ಸ್ಟುಡಿಯೊ ಒಂದರ ಟ್ರಿಕ್ ವಿಭಾಗದವನು, ಹುಟ್ಟಿದ್ದು ಹೊಸದುರ್ಗದ ಬಾಗೂರಿನ ಕುರಿ ಸಾಕುವ ಮನೆಯಲ್ಲಿ. ಊರ ಹತ್ತಿರದ ಕೆಲಸ ಎಂದು ಖುಷಿಯಾಗಿಯೇ ಬಂದೆ.

ನಿರ್ದೇಶಕರಿಗೆ ಗೊಂಬೆಯ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ದೀಪಾವಳಿಯೊಳಗೆ ಟಗರಪ್ಪನ ದೃಶ್ಯ ಮದ್ರಾಸಿಗೆ ಬಂದು ಮುಟ್ಟಬೇಕು, ಬಂದದ್ದು ಚೆನ್ನಾಗಿರಬೇಕು, ಇಲ್ಲವಾದರೆ ಒಬ್ಬ ಮನುಷ್ಯನಿಗೆ ಕರಡಿ ವೇಷ ಹಾಕಿ ಮುಗಿಸುತ್ತೇನೆ ಎಂದು ನನ್ನ ಮುಖಕ್ಕೇ ಹೇಳಿದ್ದರು. ಬರಿಯ ಮಾತಲ್ಲ, ವೇಷವನ್ನು ತರಿಸಿ ಸ್ಟುಡಿಯೊದಲ್ಲಿ ಮೊಳೆಗೆ ನೇತುಹಾಕಿಸಿದ್ದರು. ಹೊಟ್ಟೆಯ ಹತ್ತಿರ ಹೊಲಿಗೆ ಬಿಟ್ಟ, ಕಂಕುಳಲ್ಲಿ ಯಾರದೋ ಬೆವರು ನಾರುವ ವೇಷ. ಅದುವರೆಗೆ ನಾನು ಆಟಿಕೆ ರೈಲನ್ನು ಸೇತುವೆಯಿಂದ ಬೀಳಿಸಿದ್ದೆ, ಆಕಾಶದಲ್ಲಿ ಬಾಣಕ್ಕೆ ಬಾಣ ಡಿಕ್ಕಿ ಹೊಡೆಸಿದ್ದೆ. ಜೀವ ಇರುವಂಥದ್ದನ್ನು ಮಾಡಿದ್ದು ಟಗರಪ್ಪನೊಬ್ಬನನ್ನೇ. ಅವನ ಜಾಗಕ್ಕೆ ಆ ವೇಷ ಬರಲು ಬಿಡಬಾರದು ಎಂದುಕೊಂಡಿದ್ದೆ.

ಕೆಲಸದ ರೀತಿ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನ ಗೋಳು ಅರ್ಥವಾಗುವುದಿಲ್ಲ. ಗೋದಾಮಿನ ಒಂದು ತುದಿಗೆ ಉಜ್ಜಿದ ಗಾಜಿನ ಪರದೆ. ಅದರ ಹಿಂದಿನಿಂದ ಪ್ರೊಜೆಕ್ಟರು ಕೋಟೆಯಲ್ಲಿ ತೆಗೆದ ನಾಯಕನ ದೃಶ್ಯವನ್ನು ಒಂದೊಂದೇ ಫ್ರೇಮಾಗಿ ಬಿಡುತ್ತದೆ. ಪರದೆಯ ಮುಂದೆ ಮೇಜು, ಮೇಜಿನ ಮೇಲೆ ಟಗರಪ್ಪ, ಅವನ ಸುತ್ತ ಕೋಟೆಯಿಂದಲೇ ಆರಿಸಿ ತಂದ ಸಣ್ಣ ಕಲ್ಲುಗಳು. ಇವೆಲ್ಲದರ ಎದುರಿಗೆ, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಟಗರಪ್ಪನ ಕಾಲನ್ನು ಕೂದಲೆಳೆಯಷ್ಟು ಸರಿಸಬೇಕು, ಹಿಂದೆ ಬಂದು ಒಂದು ಫ್ರೇಮು ತೆಗೆಯಬೇಕು, ಪ್ರೊಜೆಕ್ಟರಿನಲ್ಲಿ ನಾಯಕನನ್ನು ಒಂದು ಫ್ರೇಮು ಮುಂದಕ್ಕೆ ಬಿಡಬೇಕು, ಮತ್ತೆ ಟಗರಪ್ಪನ ಹತ್ತಿರ ಹೋಗಬೇಕು. ಸಿನಿಮಾ ಎನ್ನುವುದು ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮು ನುಂಗುತ್ತದೆ. ದಿನವಿಡೀ ಬೆನ್ನು ಬಗ್ಗಿಸಿದರೆ ಅವನು ಕಿವಿ ಕೊಡವಿ ಒಂದೆರಡು ಹೆಜ್ಜೆ ಇಟ್ಟಾನು, ಅಷ್ಟೇ. ಊರಿದ ಪಾದಗಳನ್ನು ಮೇಜಿನ ಕೆಳಗಿನಿಂದ ತಿರುಪು ಹಾಕಿ ಬಿಗಿಯಬೇಕು. ಮೂತಿಯ ಎದುರಿಗೆ, ಮೇಜಿನ ಗುರುತಿನ ಮೇಲೆ, ಒಂದು ಸೂಜಿಕಡ್ಡಿ ನಿಲ್ಲಿಸಿ ನೋಡುತ್ತೇನೆ, ಫ್ರೇಮು ತೆಗೆಯುವಾಗ ಆಚೆ ಇಡುತ್ತೇನೆ. ತಲೆ ಎಲ್ಲಿತ್ತು, ಎಷ್ಟು ಸರಿಯಿತು ಎನ್ನುವುದಕ್ಕೆ ಅದೊಂದೇ ಸಾಕ್ಷಿ. ನಡುವೆ ಯಾರಾದರೂ ಗೊಂಬೆಗೆ ಕೈ ತಾಗಿಸಿದರೆ ಆ ಶಾಟು ಮೊದಲಿನಿಂದ ಶುರು.

ಮೊದಲ ಏಟು ಕರೆಂಟಿನದು. ಪಕ್ಕದಲ್ಲಿ ಎಣ್ಣೆ ಹಿಂಡುವ ಯಂತ್ರ ಶುರುವಾದೊಡನೆ ನನ್ನ ದೀಪಗಳು ಮಂಕಾಗುತ್ತಿದ್ದವು, ನಿಂತೊಡನೆ ಭಗ್ಗೆನ್ನುತ್ತಿದ್ದವು. ಕಣ್ಣಿಗೆ ಅಷ್ಟು ಗೊತ್ತಾಗಿರಲಿಲ್ಲ. ಮದ್ರಾಸಿನಲ್ಲಿ ತೊಳೆಸಿ ತರಿಸಿದ ಫಿಲ್ಮನ್ನು ಹಾಕಿ ನೋಡಿದರೆ ಟಗರಪ್ಪ ಸಿಡಿಲು ಮಳೆಯಲ್ಲಿ ನಿಂತವನಂತೆ ಮಿನುಗುತ್ತಿದ್ದ. ನಾಯಕನೋ ಸುಡು ಬಿಸಿಲಿನಲ್ಲಿದ್ದ. ಅಷ್ಟೂ ಕೆಲಸ ಕಸದ ಬುಟ್ಟಿಗೆ ಹೋಯಿತು. ನಿರ್ಮಾಪಕರು ದೊಡ್ಡ ಮನಸ್ಸು ಮಾಡಿ ಯಂತ್ರದ ಪಾಳಿಯನ್ನು ರಾತ್ರಿಗೆ ಬದಲಾಯಿಸಿ ಹಗಲನ್ನು ನನಗೆ ಕೊಟ್ಟರು. ನಿದ್ದೆ ಕೆಟ್ಟ ಹಮಾಲರು ಬೆಳಿಗ್ಗೆ ಮನೆಗೆ ಹೊರಟಾಗ, ನಿಮ್ಮ ಟಗರಪ್ಪ ಹಗಲೊತ್ತು ಮೇಯ್ತಾನೆ, ನಾವು ರಾತ್ರಿ ಗೇಯ್ತೀವಿ ಎಂದು ನನ್ನನ್ನು ಕಿಚಾಯಿಸುತ್ತಿದ್ದರು.

ಎರಡನೆಯ ಏಟು ಇಲಿಗಳದು. ಶೇಂಗಾ ತಿಂದು ಬೆಳೆದ ಇಲಿಗಳಿಗೆ ಸ್ಪಂಜಿನ ರುಚಿ ಹೇಗೆ ಹತ್ತಿತೋ ಕಾಣೆ, ಒಂದು ಬೆಳಿಗ್ಗೆ ಬಂದು ನೋಡಿದರೆ ಬಾಲದ ತುದಿ ಇಲ್ಲ. ಬಾಲ ಬಂಡೆಯ ಹಿಂದೆ ಮರೆಯಾಗುವಂತೆ ಕಲ್ಲುಗಳನ್ನು ಜೋಡಿಸಿಕೊಂಡು, ಅರ್ಧಕ್ಕೆ ಬಂದಿದ್ದ ಶಾಟನ್ನು ಮೊದಲಿನಿಂದ ತೆಗೆದೆ. ಆಮೇಲೆ ಸಂಜೆ ಹೋಗುವಾಗ ಅವನ ಸುತ್ತ ತಂತಿಯ ಪಂಜರ ಇಟ್ಟು ಹೋಗತೊಡಗಿದೆ.

ಹೀಗೆ ಎರಡು ಸಲ ದಂಡ ತೆತ್ತಾದ ಮೇಲೆ ಕಚ್ಚಾ ಫಿಲ್ಮು ಒಂದೇ ಡಬ್ಬಿ ಉಳಿಯಿತು. ಆಗ ಕಚ್ಚಾ ಫಿಲ್ಮು ಎಂದರೆ ಸುಮ್ಮನೆ ಅಂಗಡಿಗೆ ಹೋಗಿ ತರುವ ಪದಾರ್ಥವಲ್ಲ, ಪರ್ಮಿಟ್ಟಿಗಾಗಿ ಕಂಬ ಕಂಬ ಸುತ್ತಬೇಕು. ದೀಪಾವಳಿಯೊಳಗೆ ಇನ್ನೊಂದು ಡಬ್ಬಿ ಸಿಗುವ ಮಾತೇ ಇರಲಿಲ್ಲ. ಇನ್ನು ಎಡವುವಂತಿಲ್ಲ ಎಂದು ಗಟ್ಟಿ ಮಾಡಿಕೊಂಡು ಕೊನೆಯ ಶಾಟಿಗೆ ಕೈ ಹಾಕಿದೆ. ಟಗರಪ್ಪ ನಾಯಕನನ್ನು ಗುದ್ದಲು ಬರುತ್ತಾನೆ, ನಾಯಕ ಕತ್ತಿಯಿಂದ ಇರಿಯುತ್ತಾನೆ, ಟಗರಪ್ಪ ಬಂಡೆಯಿಂದ ಉರುಳಿ ಸಾಯುತ್ತಾನೆ. ಟಗರು ಸುಮ್ಮನೆ ಮುಂದಕ್ಕೆ ನುಗ್ಗುವುದಿಲ್ಲ. ಮೊದಲು ತಲೆ ಎತ್ತಿ ನೋಡಿ, ಹಿಂದಕ್ಕೆ ಹಿಂದಕ್ಕೆ ಸರಿದು, ಆಮೇಲೆ ಬರುತ್ತದೆ. ಕುರಿ ಮಂದೆಯ ನಡುವೆ ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟಗರಪ್ಪನನ್ನೂ ಹಾಗೆಯೇ ಹಿಂದಕ್ಕೆ ಸರಿಸುತ್ತ ಬಂದೆ. ಅವನು ಹಿಂದೆ ಸರಿದು, ಒಂದು ಮುಂಗಾಲನ್ನು ಎತ್ತಿದ ಭಂಗಿಯಲ್ಲಿ ಇರುವಾಗ ಆಯುಧ ಪೂಜೆ ಬಂತು.

ಆಯುಧ ಪೂಜೆಯ ದಿನ ಮಿಲ್ಲಿನಲ್ಲಿ ಯಾರೂ ಯಾವ ಉಪಕರಣವನ್ನೂ ಬಳಸುವುದಿಲ್ಲ. ನನಗೂ ರಜೆ ಕೊಟ್ಟು ಊರಿಗೆ ಹೋಗಿ ಬನ್ನಿ ಎಂದರು. ಶಾಟಿನ ನಡುವೆ ಬಿಟ್ಟು ಹೋಗಲು ಮನಸ್ಸಿರಲಿಲ್ಲ, ಆದರೆ ಹಬ್ಬದ ದಿನ ಅಲ್ಲಿ ಕೂತು ಮಾಡುವುದೇನಿತ್ತು? ಪಂಜರ ಇಟ್ಟು, ಗೋದಾಮಿಗೆ ಬೀಗ ಹಾಕಿ, ಇನ್ನೊಂದು ಬೀಗದ ಕೈ ಇದ್ದ ನಿರ್ಮಾಪಕರಿಗೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಬೇಡಿಕೊಂಡು ಬಾಗೂರಿನ ದಾರಿ ಹಿಡಿದೆ.

ಹಬ್ಬ ಮುಗಿಸಿ ಬಂದು ಬಾಗಿಲು ತೆಗೆದರೆ ಗೋದಾಮಿನಲ್ಲಿ ಊದುಬತ್ತಿಯ ವಾಸನೆ. ಕ್ಯಾಮೆರಾಕ್ಕೆ ಚೆಂಡು ಹೂವಿನ ಹಾರ. ಲೆನ್ಸಿನ ಗಾಜಿನ ಮೇಲೆ, ಅದೇ ಅದರ ಹಣೆ ಎಂದು ತಿಳಿದು, ವಿಭೂತಿಯ ಮೂರು ಗೆರೆ. ಪ್ರೊಜೆಕ್ಟರಿಗೂ ಅಷ್ಟೇ, ಮೇಜಿಗೂ ಅಷ್ಟೇ, ನನ್ನ ಸ್ಕ್ರೂಡ್ರೈವರಿಗೂ ಅಷ್ಟೇ. ಪಂಜರ ಪಕ್ಕಕ್ಕೆ ಸರಿದಿತ್ತು. ಟಗರಪ್ಪ ಎತ್ತಿದ ಕಾಲು ಎತ್ತಿದ ಹಾಗೆಯೇ ನಿಂತಿದ್ದ, ಅವನ ಹಣೆಯ ಮೇಲೆ ಅಡ್ಡಲಾಗಿ ಮೂರು ಬೆರಳ ವಿಭೂತಿ, ಎರಡು ಕೊಂಬಿನ ನಡುವೆ ಒಂದು ಹೂವು.

ಲೆನ್ಸನ್ನು ಮೆತ್ತನೆ ಚರ್ಮದಲ್ಲಿ ಒರೆಸಿದೆ, ಅದು ಶುದ್ಧವಾಯಿತು. ಕ್ಯಾಮೆರಾ ಅಲುಗಿರಲಿಲ್ಲ. ಹಣೆಯ ಒಂದು ಮೂಲೆಯನ್ನು ಒದ್ದೆ ಬಟ್ಟೆಯಿಂದ ಮುಟ್ಟಿ ನೋಡಿದೆ. ನೀರಲ್ಲಿ ಕಲಸಿ ಹಚ್ಚಿದ ವಿಭೂತಿ ರಬ್ಬರಿನ ಸಂದುಗಳಿಗೆ ಇಳಿದು ಕೂತಿತ್ತು. ಒರೆಸಿದರೆ ಕೆಳಗಿನ ಬಣ್ಣವೂ ಕಿತ್ತು ಬರುತ್ತಿತ್ತು. ಸೂಜಿಕಡ್ಡಿ ತಂದು ಹಿಡಿದೆ. ಮೂತಿ ಒಂದು ಬೆರಳಿನಷ್ಟು ಕೆಳಗೆ ಇಳಿದಿತ್ತು. ಹಚ್ಚಿದವರ ಕೈಯ ಒತ್ತಿಗೆ ಕತ್ತಿನ ಕೀಲು ಜಗ್ಗಿತ್ತು. ನಾನು ಅಲ್ಲೇ ಶೇಂಗಾ ಚೀಲದ ಮೇಲೆ ಕುಕ್ಕರಿಸಿದೆ. ಅಳು ಬಂತು, ನಾಚಿಕೆ ಇಲ್ಲದೆ ಹೇಳುತ್ತೇನೆ.

ಹಚ್ಚಿದ್ದು ನಿರ್ಮಾಪಕರ ತಾಯಿ. ಮಿಲ್ಲಿನವರೆಲ್ಲ ಅವ್ವಾರು ಎಂದು ಕರೆಯುತ್ತಿದ್ದ, ಕೊರಳಲ್ಲಿ ಲಿಂಗ ಕಟ್ಟಿದ, ಸಣಕಲು ಮೈಯ ಮುದುಕಿ. ಪ್ರತಿ ವರ್ಷ ಮಿಲ್ಲಿನ ಒಂದೊಂದು ಯಂತ್ರಕ್ಕೂ, ತಕ್ಕಡಿಗೂ, ಮೊರಕ್ಕೂ ಅವರೇ ವಿಭೂತಿ ಹಚ್ಚುವುದು ರೂಢಿ. ಒಂದು ಬಾಗಿಲಿಗೆ ಬೀಗ ಹಾಕಿದ್ದು ಅವರ ಕಣ್ಣಿಗೆ ಬಿದ್ದಿದೆ. ಮಗ ಬೇಡವೆಂದರೂ ಕೇಳಲಿಲ್ಲವಂತೆ. ನಾನು ಬಂದ ಸುದ್ದಿ ಗೊತ್ತಾಗಿ ಅವರೇ ಗೋದಾಮಿಗೆ ಬಂದರು. ಅವರು ನನ್ನ ಮುಖ ನೋಡಿ ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು ಒರೆಸಲು ಹೊರಟಾಗ ನಾನು ಅಡ್ಡ ಹೋಗಿ ನಿಂತೆ.

"ಎಲ್ಲದಕ್ಕೂ ಪೂಜೆ ಆಗಿ ಇದೊಂದನ್ನ ಹಂಗೇ ಬಿಟ್ರೆ ಹೆಂಗಪ್ಪ" ಎಂದರು. "ನಿನಗೆ ಅನ್ನ ಕೊಡಾದು ಇದೇ ಅಲ್ವಾ?"

ಕೆಲಸ ಕೆಟ್ಟ ರೀತಿಯನ್ನು ಆದಷ್ಟು ಮೆತ್ತಗೆ ವಿವರಿಸಿದೆ. ಒಂದೊಂದೇ ಕೂದಲೆಳೆ ಸರಿಸಿ ತೆಗೆಯುವುದು, ಫಿಲ್ಮು ಮುಗಿದಿರುವುದು, ಮದ್ರಾಸಿನ ಕರಡಿ ವೇಷ, ಎಲ್ಲ ಹೇಳಿದೆ. ಅವರು ಕರಡಿ ವೇಷದ ಬಗ್ಗೆ ಏನೂ ಕೇಳಲಿಲ್ಲ. ಇಷ್ಟು ಕಷ್ಟಪಟ್ಟು ಕೊನೆಗೆ ಇವನು ಏನು ಮಾಡುತ್ತಾನೆ ಎಂದು ಕೇಳಿದರು. ರಾಜಕುಮಾರ ಇವನನ್ನು ಕೊಲ್ಲುತ್ತಾನೆ ಎಂದೆ.

"ಕೊಲ್ಲಾದಾ? ಯಾಕೆ, ಏನು ಮಾಡೈತೆ ಇದು?"

"ಇದೇನೂ ಮಾಡಿಲ್ಲ ಅವ್ವಾರೆ. ಮಂತ್ರವಾದಿ ಇದನ್ನ ಮಂತ್ರ ಹಾಕಿ ಕಟ್ಟಿ ಬಾಗ್ಲಿಗೆ ನಿಲ್ಸಿರ್ತಾನೆ. ಅದ್ಕೇ ಬಂದೋರನ್ನ ಗುದ್ದುತ್ತೆ."

"ಕಟ್ಟಿದ್ರೆ ಬಿಚ್ಚಬೇಕಪ್ಪ. ಕೊಲ್ಲಾದ್ಯಾಕೆ?"

ಹಾಗಂದು ಅವರು ಹೊರಟುಹೋದರು. ನಾನು ಟಗರಪ್ಪನನ್ನು ನೋಡುತ್ತ ಕೂತೆ. ಎಷ್ಟೋ ಹೊತ್ತು ಕೂತ ಮೇಲೆ ಅವನನ್ನು ಮೊದಲ ಸಲ ಕಂಡಂತೆ ಅನಿಸಿತು. ಮೂತಿ ಕೆಳಗಿಳಿದಿತ್ತು, ಮುಂಗಾಲು ಎತ್ತಿತ್ತು. ಗುದ್ದಲು ಮುಂದಕ್ಕೆ ಹಾಕಬೇಕೆಂದು ನಾನು ಎತ್ತಿಸಿದ್ದ ಕಾಲು ಅದು. ಅದನ್ನು ಮುಂದಕ್ಕೆ ಹಾಕುವ ಬದಲು ಮಡಚಿದರೆ? ಕುರಿ ಮಲಗುವಾಗ ಮೊದಲು ಮುಂಗಾಲು ಮಡಚಿ ಮಂಡಿ ಊರುತ್ತದೆ, ಆಮೇಲೆ ಹಿಂಭಾಗವನ್ನು ಇಳಿಸುತ್ತದೆ. ತಲೆ ಬಗ್ಗಿಸುವ ಕೆಲಸವನ್ನು ಅವ್ವಾರು ಆಗಲೇ ಶುರು ಮಾಡಿ ಹೋಗಿದ್ದರು.

ಆದರೆ ನಾಯಕ? ಪರದೆಯ ಮೇಲೆ ಅವನು ಕತ್ತಿ ಬೀಸುತ್ತಿದ್ದ, ಮತ್ತೆ ಬಾ ಎಂದರೆ ಬರುವವನಲ್ಲ. ಪ್ರೊಜೆಕ್ಟರಿನಲ್ಲಿದ್ದ ಅವನ ಫಿಲ್ಮನ್ನು ಪೂರ್ತಿ ಓಡಿಸಿ ನೋಡಿದೆ. ಸಂಕಲನಕಾರರು ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಕಡೆಯಿಂದ ಆಚೆಗೆ ಬೇಡದ ತುಂಡುಗಳಿದ್ದವು. ಒಂದು ತುಂಡಿನಲ್ಲಿ, ನಿರ್ದೇಶಕರು ಕಟ್ ಎಂದ ಮೇಲೂ ಕ್ಯಾಮೆರಾ ಒಂದಿಷ್ಟು ಓಡಿತ್ತು. ನಾಯಕ ಸುಸ್ತಾಗಿ ಕತ್ತಿಯನ್ನು ಕೆಳಗಿಳಿಸುತ್ತಾನೆ, ಹಣೆ ಒರೆಸಿಕೊಳ್ಳುತ್ತಾನೆ, ಎದುರಿಗೆ ನೋಡಿ ಸಣ್ಣಗೆ ನಗುತ್ತಾನೆ. ಯಾರೋ ನೀರಿನ ಲೋಟ ತರುತ್ತಿರಬೇಕು. ಆ ನಗು ಎಷ್ಟು ಸಹಜವಾಗಿತ್ತೆಂದರೆ ಇಡೀ ಚಿತ್ರದಲ್ಲಿ ಆತ ಅಷ್ಟು ಚೆನ್ನಾಗಿ ಇನ್ನೆಲ್ಲೂ ನಟಿಸಿರಲಿಲ್ಲ.

ಮೊದಲ ರೀಲಿನಲ್ಲಿ ತಾಯಿ ಮಗನನ್ನು ಕಳುಹಿಸುವಾಗ ಅವನ ಹಣೆಗೆ ವಿಭೂತಿ ಇಡುವ ಹತ್ತಿರದ ಶಾಟೊಂದು ಇದ್ದದ್ದು ನನಗೆ ನೆನಪಿತ್ತು. ಟಗರಪ್ಪ ಕಾಲೆತ್ತಿದಾಗ ಆ ಶಾಟು ಒಮ್ಮೆ ಬಂದು ಹೋಗಲಿ. ತಾಯಿ ಇಟ್ಟ ವಿಭೂತಿ ಇವನ ಹಣೆಯಲ್ಲಿ ಕಾಣಲಿ, ಮಂತ್ರ ಬಿಚ್ಚಲಿ. ನಡುವೆ ಆ ಶಾಟು ಬಂದರೆ ತಲೆ ಥಟ್ಟನೆ ಇಳಿದದ್ದೂ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಪ್ರೇಕ್ಷಕರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸಿತು.

ನಿರ್ದೇಶಕರಿಗೆ ಟ್ರಂಕ್ ಕಾಲ್ ಹಾಕಿಸಿದೆ. ಕೂತೂ ಕೂತೂ ಕೊನೆಗೆ ಸಿಕ್ಕ ಲೈನಿನಲ್ಲಿ ಹಲೋ ಹಲೋ ಎನ್ನುವುದು ಬಿಟ್ಟು ಬೇರೇನೂ ಕೇಳಲಿಲ್ಲ. ನಿರ್ಮಾಪಕರ ಹತ್ತಿರ ಹೋಗಿ, ಟಗರಪ್ಪ ಸಾಯುವುದಿಲ್ಲ, ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಿದೆ. ಅವರು ಟೇಬಲ್ಲಿನ ಮೇಲಿದ್ದ ಹಬ್ಬದ ಮಂಡಕ್ಕಿಯನ್ನು ನನ್ನ ಕಡೆ ತಳ್ಳಿದರು.

"ಅವ್ವ ಪೂಜೆ ಮಾಡಿದ್ದನ್ನ ನಾನು ಕೊಲ್ಲಿಸಿ ಮನೆಗೆ ಹೋಗಾಕಾಗುತ್ತಾ? ನೀವು ಮಾಡ್ರಿ. ಆದ್ರೆ ಡೈರೆಕ್ಟ್ರನ್ನ ನೀವೇ ನೋಡ್ಕಳ್ರಿ."

ಅಂದರೆ ಕರಡಿ ವೇಷ ಬಂದರೆ ಅದು ನನ್ನ ತಲೆಗೆ. ಆಗಲಿ ಎಂದೆ. ಇದ್ದ ಫಿಲ್ಮಿನಲ್ಲಿ ಒಂದೇ ಸಲ ತೆಗೆಯಬಹುದಿತ್ತು. ಹೂವನ್ನು ಮಾತ್ರ ಮೆಲ್ಲಗೆ ತೆಗೆದು ಅವ್ವಾರ ಕೈಗೆ ಕೊಟ್ಟೆ, ಅದನ್ನು ಅವರು ಮುಡಿಗೆ ಮುಟ್ಟಿಸಿ ಸೆರಗಿನಲ್ಲಿ ಕಟ್ಟಿಕೊಂಡರು.

ದೀಪ ಹಾಕಿ ಶುರು ಮಾಡಿದರೆ ಇನ್ನೊಂದು ಕಾಟ. ಬಿಸಿಗೆ ವಿಭೂತಿ ಒಣಗಿ ಹಕ್ಕಳೆ ಏಳತೊಡಗಿತು. ಒಂದು ಫ್ರೇಮಿನಲ್ಲಿ ಇದ್ದ ಚೂರು ಇನ್ನೊಂದರಲ್ಲಿ ಇಲ್ಲದಿದ್ದರೆ ಪರದೆಯ ಮೇಲೆ ಹಣೆ ಹುಳು ಹರಿದಂತೆ ಕಾಣುತ್ತದೆ. ಮೊಟ್ಟೆಯ ಬಿಳಿ ಸವರಿದರೆ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ವಿಭೂತಿಗೆ ಮೊಟ್ಟೆ, ಅದೂ ಆ ಮನೆಯವರ ಮಿಲ್ಲಿನಲ್ಲಿ! ಜಾಲಿ ಮರದ ಅಂಟನ್ನು ತರಿಸಿ ನೀರಲ್ಲಿ ನೆನೆಸಿ, ತೆಳ್ಳಗೆ ಮಾಡಿ, ಸಣ್ಣ ಬ್ರಷ್ಷಿನಿಂದ ಗೆರೆಗಳ ಮೇಲೆ ಸವರಿದೆ. ಒಣಗುವವರೆಗೆ ಕಾದೆ. ನಿಂತಿತು.

ಆ ದಿನಗಳಲ್ಲಿ ಅವ್ವಾರು ಗೋದಾಮಿಗೆ ಬಂದು ಕೂರುತ್ತಿದ್ದರು. ಅಲುಗಬಾರದು, ನೆಲ ತುಳಿಯಬಾರದು ಎಂದು ನಾನು ಹೇಳಿದ್ದಕ್ಕೆ ಒಂದು ಚೀಲದ ಮೇಲೆ ಕಾಲು ಮಡಚಿ, ಲಿಂಗಪೂಜೆಗೆ ಕೂತಂತೆ ಕೂತಿರುತ್ತಿದ್ದರು. ನಾನು ಮೇಜಿಗೂ ಕ್ಯಾಮೆರಾಕ್ಕೂ ಓಡಾಡುವುದನ್ನೇ ನೋಡುತ್ತಿದ್ದರು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಅವರ ತಾಳ್ಮೆ ಮುಗಿಯಿತು.

"ನಡೀತೈತೆ ಅಂದಿದ್ದಿ. ಎಲ್ಲಿ, ಕಾಲೇ ಅಲುಗಲಿಲ್ಲ?"

ಬೆಳಿಗ್ಗೆ ಅವನ ಮುಂಗಾಲು ಈ ಕಲ್ಲಿನ ಮೇಲ್ಗಡೆ ಇತ್ತು, ಈಗ ಇಲ್ಲಿದೆ ನೋಡಿ ಎಂದು ತೋರಿಸಿದೆ. ಅವರು ಹತ್ತಿರ ಬಂದು ಬಗ್ಗಿ ನೋಡಿದರು. ಆಮೇಲೆ ನನ್ನ ಬೆನ್ನನ್ನು ನೋಡಿದರು. ಮಾರನೆಯ ದಿನ ನನಗೆಂದು ಬಿಸಿ ಮಾಡಿದ ಹರಳೆಣ್ಣೆ ತಂದು, ಸಂಜೆ ಯಾರ ಕೈಲಾದರೂ ಬೆನ್ನಿಗೆ ತಿಕ್ಕಿಸಿಕೋ ಎಂದರು.

ಮುಂಗಾಲು ಮಡಚಿತು. ಇನ್ನೊಂದು ಮುಂಗಾಲೂ ಮಡಚಿತು. ಆ ಎರಡರ ನಡುವೆ ಅವನನ್ನು ಒಂದು ಕ್ಷಣ ತಡೆದು ನಿಲ್ಲಿಸಿದೆ, ಕುರಿಗಳು ನೆಲವನ್ನು ಪರೀಕ್ಷಿಸುವಂತೆ ಹಾಗೆ ನಿಲ್ಲುತ್ತವೆ. ಹಿಂಭಾಗ ಇಳಿಯುವಾಗ ಸಡಿಲವಾಗಿದ್ದ ಕತ್ತಿನ ಕೀಲು ಎರಡು ಸಲ ತಾನಾಗಿ ಜಾರಿತು. ಒಂದು ಸಲ ಹಿಂದಕ್ಕೆ ತಂದೆ. ಇನ್ನೊಂದು ಸಲ ಜಾರಿದ್ದು ನಿಟ್ಟುಸಿರು ಬಿಟ್ಟ ಹಾಗಿತ್ತು, ಹಾಗೆಯೇ ಬಿಟ್ಟೆ. ಅವನು ಪೂರ್ತಿ ಮಲಗಿ ಗದ್ದವನ್ನು ಬಂಡೆಗೆ ಆನಿಸಿದಾಗ ಪರದೆಯ ಮೇಲೆ ನಾಯಕ ನಗುತ್ತಿದ್ದ. ಡಬ್ಬಿಯಲ್ಲಿ ಇನ್ನು ಹೇಳಿಕೊಳ್ಳುವಷ್ಟು ಫಿಲ್ಮು ಉಳಿದಿರಲಿಲ್ಲ.

ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಮದ್ರಾಸಿಗೆ ಹೋದೆ. ಲ್ಯಾಬಿನಿಂದ ಬಂದದ್ದನ್ನು ಸಂಕಲನಕಾರರ ಕೈಕಾಲು ಹಿಡಿದು, ತಾಯಿಯ ಶಾಟು ಸೇರಿಸಿ ಜೋಡಿಸಿದೆ. ನಿರ್ದೇಶಕರಿಗೆ ಮೊದಲೇ ಹೇಳುವ ಧೈರ್ಯವಾಗಲಿಲ್ಲ. ಚಿಕ್ಕ ಥಿಯೇಟರಿನಲ್ಲಿ ಅವರ ಹಿಂದಿನ ಕುರ್ಚಿಯಲ್ಲಿ ಕೂತು ಅವರ ತಲೆಯನ್ನೇ ನೋಡುತ್ತಿದ್ದೆ. ದೃಶ್ಯ ಮುಗಿದು ದೀಪ ಬಂತು. ಇದು ಕಥೆಯಲ್ಲಿ ಎಲ್ಲಿದೆ, ಯಾರನ್ನು ಕೇಳಿ ಮಾಡಿದೆ ಎಂದು ಹರಿಹಾಯ್ದರು. ನಾನು ಗೋದಾಮಿನಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವರು ಸಿಟ್ಟಿನಲ್ಲೇ ಮತ್ತೊಮ್ಮೆ ಹಾಕಲು ಹೇಳಿದರು. ಆಮೇಲೆ ಇನ್ನೊಮ್ಮೆ ಹಾಕಿಸಿದರು, ಆಗ ಸಿಟ್ಟು ಇರಲಿಲ್ಲ. ಎದ್ದು ಹೋಗುವಾಗ, ಬಾಗಿಲಲ್ಲಿದ್ದ ಮ್ಯಾನೇಜರಿಗೆ, ಆ ಕರಡಿ ವೇಷವನ್ನು ವಾಪಸ್ ಕಳಿಸಿಬಿಡಿ ಎಂದರು. ನಾನು ಖಾಲಿ ಥಿಯೇಟರಿನಲ್ಲಿ ಒಬ್ಬನೇ ಕೂತು ಸಮಾಧಾನವಾಗುವಷ್ಟು ಅತ್ತೆ.

ಚಿತ್ರ ಹಿರಿಯೂರಿಗೆ ಬಂದಾಗ ನಿರ್ಮಾಪಕರು ನನ್ನನ್ನು ಕರೆಸಿಕೊಂಡರು. ಮ್ಯಾಟಿನಿಗೆ ಮಿಲ್ಲಿನವರೆಲ್ಲ ಬಂದಿದ್ದರು. ಅವ್ವಾರು ಸಿನಿಮಾ ನೋಡುವುದು ಅದೇ ಮೊದಲು. ನನ್ನ ಪಕ್ಕದಲ್ಲಿ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತರು. ಹಾಡು, ಕುಣಿತ, ಮಾಂತ್ರಿಕನ ನಗು ಯಾವುದಕ್ಕೂ ಅವರು ಜಗ್ಗಲಿಲ್ಲ. ಬಂಡೆಯ ಮರೆಯಿಂದ ಟಗರಪ್ಪ ಹೊರಗೆ ಬಂದ. ಪರದೆ ತುಂಬುವಷ್ಟು ದೊಡ್ಡವನಾಗಿದ್ದ. ಬಾಯಿ ತೆರೆದು ಅಬ್ಬರಿಸಿ, ಎದುರಿನ ಮರವನ್ನು ಕಿತ್ತು ಎಸೆದ. ಮುಂದಿನ ಬೆಂಚಿನವರು ಹೋ ಎಂದು ಕಿರುಚಿದರು, ಹೆಂಗಸರ ಕಡೆ ಒಂದು ಮಗು ಅಳತೊಡಗಿತು.

ಅವ್ವಾರು ನನ್ನ ಮುಂಗೈ ಹಿಡಿದು ಹತ್ತಿರಕ್ಕೆ ಎಳೆದರು.

"ಅದು ಹಂಗೆಲ್ಲ ಮಾಡಾ ಜಾತಿ ಅಲ್ಲ" ಎಂದರು ಮೆಲ್ಲಗೆ. "ಹಸ್ದೈತೆ ಕಣಪ್ಪ. ಅದಕ್ಕೆ ಯಾರೂ ಏನೂ ತಿನ್ನಾಕೆ ಕೊಟ್ಟಿಲ್ಲ."

ಅವನ ಎಲುಬುಗೂಡನ್ನು ಅರದಿಂದ ತಿಕ್ಕಿದವನು ನಾನು. ಅವನ ಒಂದೊಂದು ಹೆಜ್ಜೆಯನ್ನೂ ನನ್ನ ಬೆರಳಿನಿಂದ ಇಡಿಸಿದ್ದೆ, ಕೊನೆಯ ದಿನಗಳಲ್ಲಿ ಚೀಲದ ಮೇಲೆ ಕೂತು ಅವರು ಅದನ್ನು ಕಣ್ಣಾರೆ ಕಂಡಿದ್ದರು. ಅವನು ಹಸಿದಿರಬಹುದು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಹೌದು ಅವ್ವಾರೆ" ಎಂದೆ. ನನ್ನ ಕೈಯನ್ನು ಅವರು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.